ಚಿಲಕ ಮುಟ್ಟಿದ ಕೈ

ತುಳಸಾಬಾಯಿ: ಅಲ್ಲೇ ನಿಲ್ಲು. ನಾ ಮಡೀಲೆ ಇದ್ದೀನಿ, ಮುಟ್ಟಬ್ಯಾಡ.

ಶೋಭಾ: ಆತ್ರೀ ಅಮ್ಮಾ. ನೀವೂ ನನ್ನ ಮುಟ್ಟಬ್ಯಾಡ್ರಿ. ಕೈ ತೊಳಕೊಂಡೀನಿ.

ಜಪದ ಮಣಿ ನಿಂತಿತು. ಎಪ್ಪತ್ತು ವರ್ಷದ ಬಾಳಿನಲ್ಲಿ ತುಳಸಾಬಾಯಿ ಈ ಮಾತನ್ನು ಊರಿಗೆಲ್ಲ ಆಡಿದ್ದುಂಟು. ಅವರಿಗೆ ಯಾರೂ ಆಡಿದ್ದಿಲ್ಲ.

ಸಂಗತಿ ಏನೆಂದರೆ, ದಿಲ್‌ಸುಖ್‌ನಗರದ ಮಗನ ಮನೆಯಲ್ಲಿ ಅವರು ತೊಡೆಯ ಎಲುಬು ಮುರಿದುಕೊಂಡು, ಆಪರೇಷನ್ ಆಗಿ ಮಂಚ ಹಿಡಿದಿದ್ದರು. ಬೆಳಿಗ್ಗೆ ಸೊಸೆ ಮೈ ಒರೆಸಿ, ಮಡಿಸೀರೆ ಹೊದಿಸಿ ತನ್ನ ಶಾಲೆಗೆ ಪಾಠ ಹೇಳಲು ಹೋದಳೆಂದರೆ, ಜಪ ಮುಗಿಯುವ ತನಕ ಅವರನ್ನು ಯಾರೂ ಮುಟ್ಟುವಂತಿಲ್ಲ. ಹಾಗೆ ಮುಟ್ಟಿಯೇ ಇಬ್ಬರು ನರ್ಸಿಂಗ್ ಸಹಾಯಕಿಯರು ಕೆಲಸ ಕಳಕೊಂಡಿದ್ದರು. ಶೋಭಾ ಮೂರನೆಯವಳು. ಗುರುಮಠಕಲ್ ಕಡೆಯ ಹುಡುಗಿ, ತರಬೇತಿ ಮುಗಿಸಿದ ಮೇಲೆ ಇದೇ ಮೊದಲ ಮನೆ. ಇಲ್ಲಿಂದ ಓಡಿಸಿಕೊಂಡರೆ, ಅವಳನ್ನು ಕಳಿಸಿದ ನರ್ಸಿಂಗ್ ಬ್ಯೂರೋದವರು ಎರಡನೇ ಮನೆ ತೋರಿಸುವವರಲ್ಲ.

ತುಳಸಾಬಾಯಿ: ಯಾರ ಪೈಕಿ ನೀ?

ಶೋಭಾ: ತರಬೇತಿ ಆದವರ ಪೈಕಿ ರೀ.

ತುಳಸಾಬಾಯಿ: ಏನು ಕಲಿಸ್ಯಾರ?

ಶೋಭಾ: ಮೊದಲನೇ ದಿನ ಕೈ ತೊಳಿಯೂದು. ಎರಡನೇ ದಿನಾನೂ ಕೈ ತೊಳಿಯೂದು. ಬಳಿ ತಗೀಬೇಕು, ಉಗುರು ಕತ್ತರಸಬೇಕು. ತೊಳಕೊಂಡ ಮ್ಯಾಲೆ ಕೂದಲಾ, ಸೆರಗಾ, ಚಿಲಕಾ ಏನೂ ಮುಟ್ಟಂಗಿಲ್ಲ. ಮುಟ್ಟಿದರ ಮತ್ತ ಮೊದಲಿಂದ.

ತುಳಸಾಬಾಯಿ: (ದನಿ ತಗ್ಗಿಸಿ) ಚಿಲಕಾನೂ?

ಶೋಭಾ: ಚಿಲಕ ಭಾಳ ಮೈಲಿಗಿ ರೀ.

ತುಳಸಾಬಾಯಿ: ನಾನೂ ಅದನ್ನಽ ಹೇಳ್ಕೋತ ಬಂದೀನಿ. ಈ ಮನ್ಯಾಗ ಯಾರು ಕೇಳ್ಯಾರ? ಕೈಗೆ ಹಾಕ್ಕೊಂಡೀಯಲ್ಲ, ಅದೇನು ಚರ್ಮದ್ದೇನು?

ಶೋಭಾ: ರಬ್ಬರಿಂದು ರೀ. ಗಿಡದ ಹಾಲು.

ತುಳಸಾಬಾಯಿ: ಗಿಡದ್ದಾದ್ರ ನಡೀತದ.

ಅಷ್ಟರಲ್ಲಿ ಪಡಸಾಲೆಯ ಫೋನು ರಿಂಗಣಿಸತೊಡಗಿತು. ಶೋಭಾ ಎರಡೂ ಕೈ ಎತ್ತಿಕೊಂಡು ಅದನ್ನು ನೋಡಿದಳು. ತುಳಸಾಬಾಯಿ ಮಣಿ ಎದೆಗೊತ್ತಿಕೊಂಡು ನೋಡಿದರು. ಫೋನು ರಿಂಗಣಿಸಿತು, ಸುಮ್ಮನಾಯಿತು, ಸಿಟ್ಟು ಬಂದಂತೆ ಮತ್ತೆ ರಿಂಗಣಿಸಿತು. ಕೊನೆಗೆ ಬಚ್ಚಲಿನಿಂದ ಮಗ ಪ್ರಾಣೇಶ ತಲೆತುಂಬ ಸಾಬೂನು ನೊರೆಯೊಂದಿಗೆ ಓಡಿಬಂದು ಎತ್ತಿದ. ದಿನಾ ಬಂದು ಇಂಜೆಕ್ಷನ್ ಕೊಡುವ ನರ್ಸಮ್ಮ, ಸ್ಕೂಟರು ಕೆಟ್ಟಿದೆ, ಬರುವುದು ಮಧ್ಯಾಹ್ನವೇ ಎಂದಳಂತೆ. ಆಕೆಗಾಗಿ ಕಾದು ಕೂತರೆ ಪ್ರಾಣೇಶನ ಬಾಲಾನಗರದ ಕಂಪನಿ ಬಸ್ಸು ಹೋಗಿಬಿಡುತ್ತದೆ.

ಪ್ರಾಣೇಶ: ನೀನಽ ಚುಚ್ಚಿಬಿಡವಾ. ಔಷಧ ಫ್ರಿಜ್ಜಿನಾಗ ಅದ.

ಶೋಭಾ: ಅದು ನನ್ನ ಕೆಲಸ ಅಲ್ರೀ ಸಾಹೇಬ್ರ. ಮೈ ಒರಸೂದು, ಮಗ್ಗಲ ಹೊರಳಸೂದು, ಜ್ವರ ನೋಡಿ ಬರದಿಡೂದು, ಹೆಚ್ಚುಕಡಿಮಿ ಕಂಡರ ತಿಳಸೂದು. ಸೂಜಿ ನರ್ಸಮ್ಮಂದು. ನಾ ಚುಚ್ಚಿ ಏನರ ಆದ್ರ ಪೊಲೀಸರು ಕೇಳೂದು ನನ್ನ.

ಪ್ರಾಣೇಶ: ಚುಚ್ಚೂದು ನೋಡೀಯೋ ಇಲ್ಲೋ?

ಶೋಭಾ: ನೋಡೀನ್ರಿ. ನೋಡಿದ್ದೆಲ್ಲಾ ಮಾಡಾಕ ಪರವಾನಗಿ ಇಲ್ಲ.

ಪ್ರಾಣೇಶ: ಮತ್ತ ಇಷ್ಟು ದಿನಾ ಏನು ಕಲತಿ?

ಶೋಭಾ: ಏನೇನು ಮಾಡಬಾರದು ಅನ್ನೂದು ರೀ. ಅದಕ್ಕಽ ಭಾಳ ದಿನ ಹಿಡೀತು.

ನೊರೆ ಅವನ ಕಣ್ಣಿಗಿಳಿಯಿತು. ಕೆಲಸಕ್ಕೆ ಬಾರದವಳನ್ನು ಕಳಿಸಿದ್ದಾರೆ, ಈಗಲೇ ಬ್ಯೂರೋಕ್ಕೆ ಫೋನ್ ಮಾಡಿ ಬೇರೆಯವಳನ್ನು ಕೇಳುತ್ತೇನೆ ಎಂದು ಅವನು ಕಣ್ಣು ಮುಚ್ಚಿಕೊಂಡೇ ಫೋನು ತಡಕಾಡಿದ. ಶೋಭಾಳ ಮುಖ ಸಣ್ಣದಾಯಿತು.

ತುಳಸಾಬಾಯಿ: ಫೋನ್ ಇಡು ಪ್ರಾಣೇಶ. ಮಠದಾಗ ನೀರು ತರಾಂವ ದೇವರ ಪೆಟ್ಟಿಗಿ ಮುಟ್ತಾನೇನು? ಕಾರಖಾನ್ಯಾಗ ವಿಮಾನದ ಯಂತ್ರ ಮಾಡ್ತೀ, ಅಂತ ನೀ ವಿಮಾನ ಹಾರಸ್ತೀಯೇನು?

ಪ್ರಾಣೇಶ: ಅವ್ವಾ, ಅದಽ ಬ್ಯಾರೆ.

ತುಳಸಾಬಾಯಿ: ಏನೂ ಬ್ಯಾರೆ ಅಲ್ಲ. ಕಲೀದವರು ಕೈ ಹಾಕಿದರ ವಿಮಾನಾನೂ ಬೀಳ್ತದ, ನಾನೂ ಬೀಳ್ತೀನಿ.

ತಡವಾದರೆ ನಡೆಯುತ್ತದೋ ಇಲ್ಲವೋ ಡಾಕ್ಟರನ್ನೇ ಕೇಳಿರೆಂದು ಶೋಭಾ ಹೇಳಿದಳು. ಕೇಳಿದ್ದಾಯಿತು. ಮಧ್ಯಾಹ್ನ ಆದರೂ ಅಡ್ಡಿಯಿಲ್ಲ ಎಂದರು ಡಾಕ್ಟರು. ಪ್ರಾಣೇಶ ನೊರೆ ತೊಳೆಯಲು ಹೋದ.

ಶೋಭಾ: ಅಮ್ಮಾ, ಮಗ್ಗಲ ಹೊರಳಸಲೇನ್ರೀ? ಬೆನ್ನು ಹಾಸಿಗಿಗೆ ಹತ್ತಿ ಹುಣ್ಣಾಕ್ಕೈತಿ.

ತುಳಸಾಬಾಯಿ: ಒಲ್ಲೆ ಅಂದ್ರ?

ಶೋಭಾ: ಮುಟ್ಟೂದಿಲ್ರಿ. ಒಲ್ಲೆ ಅಂದ್ರಿ ಅಂತ ಬರದು ಡಾಕ್ಟರಿಗೆ ತಿಳಸ್ತೀನಿ. ನಿಮ್ಮ ಒಪ್ಪಿಗಿ ಇಲ್ಲದ ಮುಟ್ಟಿದರ ಕಾನೂನಿಗೆ ತಪ್ಪು.

ತುಳಸಾಬಾಯಿ: ನನ್ನ ಕೇಳದ ನನ್ನ ಮುಟ್ಟೂದು... ಕಾನೂನಿಗೇ ತಪ್ಪು?

ಶೋಭಾ: ಹೌದ್ರೀ.

ತುಳಸಾಬಾಯಿಯ ಮುಖದ ಮೇಲೆ ದೀಪಾವಳಿ ಬಂತು. ತಮ್ಮ ಮಡಿಗೆ ಸೊಸೆ ನಕ್ಕಿದ್ದಳು, ಮಗ ನಕ್ಕಿದ್ದ, ಬೀಗರೂ ನಕ್ಕಿದ್ದರು. ಸರ್ಕಾರ ಮಾತ್ರ ಮೊದಲಿನಿಂದ ತಮ್ಮ ಪಕ್ಷದಲ್ಲೇ ಇತ್ತು, ಒಬ್ಬರೂ ಹೇಳಿರಲಿಲ್ಲ. ಜಪದ ಮಣಿ ಚೀಲಕ್ಕೆ ಹೋಯಿತು.

ತುಳಸಾಬಾಯಿ: ಹೊರಳಸು. ಇಷ್ಟು ಕೇಳಿ ಮುಟ್ಟಿದರ ಅದು ಮೈಲಿಗಿ ಹೆಂಗ ಆಗ್ತದ? ಜಪ ಎಲ್ಲಿ ಓಡಿಹೋಗ್ತದ?

ಶೋಭಾ ನಿಧಾನಕ್ಕೆ ಹೊರಳಿಸಿ ಬೆನ್ನಿಗೆ ದಿಂಬು ಕೊಟ್ಟಳು. ತುಳಸಾಬಾಯಿ ಅಬ್ಬಾ ಎಂದು ಉಸಿರುಬಿಟ್ಟರು. ಆಗ ಪ್ರಾಣೇಶ ಊಟದ ಡಬ್ಬಿ ಹಿಡಿದು, ಬಾಗಿಲು ತೆರೆದಿಟ್ಟು, ದಿನದಂತೆ ತಾಯಿಯ ಕಾಲು ಮುಟ್ಟಿ ಹೋಗಲು ಬಗ್ಗಿದ.

ತುಳಸಾಬಾಯಿ: ತಡಿ. ಚಿಲಕ ಮುಟ್ಟಿ ಬಂದಿ.

ಶೋಭಾ: ಒಪ್ಪಿಗೀನೂ ಕೇಳಿಲ್ರಿ ಸಾಹೇಬ್ರ.

ಪ್ರಾಣೇಶ ಒಮ್ಮೆ ಈಕೆಯನ್ನು, ಒಮ್ಮೆ ಆಕೆಯನ್ನು ನೋಡಿ, ಹಿಂದೆ ಹಿಂದೆ ಸರಿದು ಹೊಸ್ತಿಲಲ್ಲಿ ನಿಂತು ಕೈ ಮುಗಿದ. ಹೊರಗೆ ಬಸ್ಸಿನ ಹಾರ್ನ್ ಕೇಳಿಸಿತು.

ಪ್ರಾಣೇಶ: ಅಷ್ಟರ ಹೇಳವ್ವಾ. ಸಂಜಿಗೆ ಬರೂದ್ರಾಗ ಈಕಿ ಇರ್ತಾಳೋ, ಈಕಿನ್ನೂ ಓಡಸ್ತೀಯೋ?

ತುಳಸಾಬಾಯಿ: ಈಕಿ ಇರ್ತಾಳ. ನಿಂದಽ ವಿಚಾರ ಮಾಡಬೇಕು.