ದೇವರ ಜಗಲಿಯ ಮೇಲೆ ಎರಡು ಟಾರ್ಚು

ಅಮರಗೋಳದ ಮಾರುಕಟ್ಟೆಯಲ್ಲಿ ನಾನು ಒಂದು ಮುಷ್ಟಿ ಕಡಲೆಯನ್ನು ಅಂಗೈ ಮೇಲೆ ಹಾಕಿಕೊಂಡು ನೋಡಿ ದರದ ಮಾತಾಡಿದೆನೆಂದರೆ ಸಾಲು ಅಂಗಡಿಯವರೆಲ್ಲ ತಲೆಯಾಡಿಸುತ್ತಾರೆ. ಅದೇ ನಾನು ನವನಗರದ ನಮ್ಮ ಮನೆಯ ಹೊಸ್ತಿಲು ದಾಟಿದೆನೆಂದರೆ, ನನ್ನ ಮಾತಿಗೆ ಒಗ್ಗರಣೆಯ ಸಾಸಿವೆಯಷ್ಟೂ ಕಿಮ್ಮತ್ತಿಲ್ಲ.

ಜಗಳ ಹುಟ್ಟಿದ್ದು ಟಾರ್ಚಿನಿಂದ. ನಮ್ಮಲ್ಲಿ ನಳದ ನೀರು ವಾರಕ್ಕೊಮ್ಮೆ ಬರುವ ಅತಿಥಿ. ಬಂದಾಗ ಅಂಗಳದ ನೆಲದೊಳಗಿನ ಟಾಕಿಯ ಮುಚ್ಚಳ ತೆಗೆದು, ಟಾರ್ಚು ಬಿಟ್ಟು, ನೀರು ಎಲ್ಲಿಗೆ ಏರಿತು ಎಂದು ನೋಡುತ್ತಿರಬೇಕು. ಹಗಲಲ್ಲೂ ಅದರೊಳಗೆ ಕತ್ತಲೇ. ಆವತ್ತು ನಾನು ನೋಡುತ್ತಿದ್ದ ಹಾಗೆಯೇ ಟಾರ್ಚು ಕಣ್ಣು ಮುಚ್ಚಿತು. ಟಾಕಿ ತುಂಬಿ, ಅಂಗಳ ತುಂಬಿ, ಉಳಿದ ನೀರು ಓಣಿಯನ್ನು ಪಾವನಗೊಳಿಸಿತು.

ನನ್ನ ಧರ್ಮಪತ್ನಿ ದ್ರಾಕ್ಷಾಯಿಣಿ (ಹೆಸರಿನೊಳಗೆ ದ್ರಾಕ್ಷಿ ಇದೆ, ಮಾತು ಮಾತ್ರ ಮೆಣಸಿನಕಾಯಿ, ಅದೂ ಬ್ಯಾಡಗಿಯದಲ್ಲ, ಗುಂಟೂರಿನದು) ಅಲ್ಲೇ ತೀರ್ಪು ಕೊಟ್ಟಳು. ಇನ್ನು ಮೇಲೆ ಈ ಮನೆಗೆ ಚಾರ್ಜ್ ಮಾಡುವ ಸೆಲ್ಲುಗಳೇ ಬರಬೇಕು. ಆದರೆ ನಾನು ಆ ಸಂಜೆಯೇ ಹಳೇ ಹುಬ್ಬಳ್ಳಿಯ ಲಾಲಸಾಬನ ಅಂಗಡಿಗೆ ಹೋಗಿ, ಚಾರ್ಜ್ ಬೇಡದ ಲಿಥಿಯಂ ಸೆಲ್ಲಿಗೆ ಮನಸೋತು, ಒಂದು ಪೊಟ್ಟಣವನ್ನೇ ತಂದು ನನ್ನ ಕಪಾಟಿನಲ್ಲಿಟ್ಟೆ. ಹತ್ತಿಯಷ್ಟು ಹಗುರ, ವರ್ಷಗಟ್ಟಲೆ ಕಪಾಟಿನಲ್ಲಿಟ್ಟರೂ ಶಕ್ತಿ ಕುಂದುವುದಿಲ್ಲ. ಬೆಲೆ ಕೇಳಿ ಆಕೆಯ ಕಣ್ಣುಗಳೇ ಟಾರ್ಚಾದವು.

"ಒಮ್ಮಿ ಉಂಡು ಒಗಿಯೋ ಪತ್ರಾವಳಿಗೆ ಬೆಳ್ಳಿ ತಾಟಿನ ರೊಕ್ಕಾ ಕೊಡ್ತೀರೇನ್ರಿ?"

"ನಿನ್ನ ಸೆಲ್ಲು ದುಡೀಲಿಲ್ಲಂದ್ರೂ ಕುಂತಲ್ಲೇ ಸೊರಗತಾವು," ಎಂದೆ. "ನಿಮ್ಮ ಅಣ್ಣನ ಹಾಂಗ."

ತವರಿನ ಮಾತು ಎತ್ತಬಾರದಿತ್ತು. ಎತ್ತಿದರೆ ಏನೋ ಬರುತ್ತಿದೆ ಎಂದೇ ಅರ್ಥ; ಈ ಸಲ ಬಂದದ್ದು ಪಂಥ. ಒಂದೇ ಜಾತಿಯ ಎರಡು ಪುಟ್ಟ ಟಾರ್ಚು. ಒಂದಕ್ಕೆ ನನ್ನ ಲಿಥಿಯಂ, ಇನ್ನೊಂದಕ್ಕೆ ಆಕೆಯ ಚಾರ್ಜಿನ ಸೆಲ್ಲು. ಎರಡನ್ನೂ ಕೂಡಿಯೇ ಹಚ್ಚುವುದು. ಯಾರದು ಮೊದಲು ಆರುತ್ತದೋ ಅವರು ಪ್ರತಿ ಸಲ ನೀರು ಬರುವ ಮುಂಚೆ ಟಾಕಿಯೊಳಗೆ ಇಳಿದು ಪಾಚಿ ತಿಕ್ಕಬೇಕು. ಇಷ್ಟು ವರ್ಷ ಆ ಕೆಲಸ ಬಂದಾಗಲೆಲ್ಲ ನಾನು ನನ್ನ ಮೊಣಕಾಲು ನೋವನ್ನು ಮುಂದೆ ಮಾಡಿ ಪಾರಾಗಿದ್ದೆ. ಅವ್ವ ಪಾಪ, ಆ ಕಾಲಿಗೆ ದಿನಾ ಸಂಜೆ ಎಣ್ಣೆ ತಿಕ್ಕುತ್ತಾಳೆ. ಸೋತರೆ ಆ ನೋವಿನ ಗತಿ ಏನು ಎಂದು ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಟಾರ್ಚುಗಳನ್ನು ಇಡುವುದೆಲ್ಲಿ? ದೇವರ ಜಗಲಿಯ ಮೇಲೆ ಎಂದೆ. ಅಲ್ಲಿ ನಮ್ಮ ಅವ್ವ ಮುರಿಗೆವ್ವನ ಹೊರತು ಇನ್ನಾರೂ ಕೈ ಹಾಕುವಂತಿಲ್ಲ. ದೇವರೆದುರಿಗೆ ಮೋಸ ನಡೆಯುವುದಿಲ್ಲ. (ಈ ಅಗಾಧ ಬುದ್ಧಿವಂತಿಕೆ ಸಂಪೂರ್ಣ ನನ್ನದೇ.)

ಮಠದಿಂದ ಬಂದ ಅವ್ವ ಜಗಲಿ ನೋಡಿ ನಿಂತಳು. ಪಂಥ ಕಟ್ಟಿದ್ದು ಗೊತ್ತಾದರೆ ಜೂಜು ಎಂದು ಊಟ ಬಿಡುವ ಹೆಣ್ಣುಮಗಳು ಆಕೆ.

"ಏನೋ ಯಪ್ಪಾ ಇದು, ಹರಕಿ ಏನು? ಮೊಣಕಾಲಿಗೇನು?"

ನಾನು ಹೂಂ ಎಂದೆ. ಹೂಂ ಅನ್ನುವುದರಿಂದ ಯಾರಿಗೆ ನಷ್ಟ? ಅವ್ವ ಎರಡೂ ಟಾರ್ಚಿಗೆ ವಿಭೂತಿ ಹಚ್ಚಿ, ಒಂದೊಂದು ಬಿಲ್ವಪತ್ರಿ ಏರಿಸಿ ಕೈಮುಗಿದಳು. ಅಡುಗೆಮನೆಯಲ್ಲಿ ದ್ರಾಕ್ಷಾಯಿಣಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು, ನಾನೂ ನಕ್ಕೆ.

ಮರುದಿನ ಎರಡೂ ಉರಿಯುತ್ತಿದ್ದವು. ಅದರ ಮರುದಿನವೂ ಉರಿಯುತ್ತಿದ್ದವು. ಸಾಲದ್ದಕ್ಕೆ ಆಕೆಯ ಟಾರ್ಚು ನನ್ನದಕ್ಕಿಂತ ಒಂದು ಕೈ ಹೆಚ್ಚೇ ಬೆಳಗುತ್ತಿತ್ತು. ಲಾಲಸಾಬನಿಗೆ ಫೋನು ಮಾಡಿದರೆ, ಅವನು ಹಾಗಾಗಲು ಸಾಧ್ಯವೇ ಇಲ್ಲ ಎಂದ. ಮಧ್ಯಾಹ್ನ ಅವ್ವ ಮಲಗಿದ್ದಳು, ನಾನು ರೊಟ್ಟಿ ಮುರಿಯುತ್ತ ಜಗಲಿಯ ಮೇಲೇ ಕಣ್ಣಿಟ್ಟಿದ್ದೆ. ನನ್ನ ಲಿಥಿಯಂ ಮಂಕಾಗದೆ, ಸುಳಿವೂ ಕೊಡದೆ, ಒಮ್ಮೆಲೆ ಆರಿಹೋಯಿತು. ದ್ರಾಕ್ಷಾಯಿಣಿ ಪಾಚಿ ತಿಕ್ಕುವ ಬ್ರಶ್ ತಂದು ನನ್ನ ತಾಟಿನ ಪಕ್ಕದಲ್ಲಿಟ್ಟಳು.

ಮರುದಿನ ಮುಂಜಾನೆ ಧೋತರ ಮೇಲಕ್ಕೆ ಕಟ್ಟಿ ಟಾಕಿಗಿಳಿದೆ. ಮೇಲಿನಿಂದ ಹೆಂಡತಿ ಮೂಲೆಮೂಲೆ ತೋರಿಸುತ್ತಿದ್ದಳು, ನಾನು ಜಾರುತ್ತಿದ್ದೆ, ತಿಕ್ಕುತ್ತಿದ್ದೆ. ಇನ್ನೇನು ಕೊನೆಯ ಮೂಲೆ ಮುಗಿಯಬೇಕು, ಆಗ ಕಿಂಡಿಯಲ್ಲಿ ಅವ್ವನ ಮುಖ ಕಾಣಿಸಿತು.

"ಒಂದು ದೀಪ ನಾ ಮಲಗಿದ್ದಾಗ ಆರಿಬಿಡ್ತು ಯಪ್ಪಾ, ಮನಸಿಗೆ ಹಚಿಗೋಬ್ಯಾಡ," ಎಂದಳು. "ಇನ್ನೊಂದು ಮೊನ್ನೇ ಮಂಕ ಆಗಾಕತ್ತಿತ್ತು. ಹರಕಿ ದೀಪ ಆರಬಾರದು ಅಂತ ನಿನ್ನ ಕಪಾಟನ್ಯಾಗಿನ ಹೊಸಾ ಸೆಲ್ಲು ಹಾಕೀನಿ."

ರೇಡಿಯೋಗೆ ಜೀವಮಾನವಿಡೀ ಸೆಲ್ಲು ಹಾಕಿದ ಕೈ ಅದು. ನನ್ನ ಕಪಾಟಿನಲ್ಲಿದ್ದ ಹೊಸ ಸೆಲ್ಲೆಂದರೆ ಲಿಥಿಯಂ. ಅಂದರೆ ನನ್ನ ಲಿಥಿಯಮ್ಮನ್ನು ಸೋಲಿಸಿದ್ದು ನನ್ನದೇ ಲಿಥಿಯಂ! ನಾನು ಗೆದ್ದೆ, ನಾನೇ ಗೆದ್ದೆ ಎಂದು ಕೂಗಿದೆ. ಟಾಕಿಯೂ ಹೌದೆಂದು ನನ್ನ ಜೊತೆ ಕೂಗಿತು. ದ್ರಾಕ್ಷಾಯಿಣಿಯ ಮುಖ ಇಳಿಯಿತು. ಮಾತಿಗೆ ತಪ್ಪುವವಳಲ್ಲ ಆಕೆ. ನೀವು ಮೇಲೆ ಬನ್ನಿ, ಇನ್ನು ಮುಂದೆ ಪ್ರತಿ ಸಲವೂ ನಾನೇ ಇಳಿಯುತ್ತೇನೆ ಎಂದು ಸೆರಗು ಸಿಕ್ಕಿಸಿದಳು. ಮದುವೆಯಾದ ಮೇಲೆ ನನಗೆ ಇಂಥ ಸಂತೋಷ ಆಗಿರಲಿಲ್ಲ.

ಅವ್ವ ಸೊಸೆಯ ಕೈ ಹಿಡಿದಳು.

"ನೀ ಯಾಕ ಇಳೀತಿ ನನ್ನವ್ವಾ? ಮೆಟ್ಟಿಲ ಇಳದು ಕುಕ್ಕರಗಾಲಿಲೆ ಕುಂತು ತಿಕ್ಕಾಕತ್ತಾನ ನೋಡು. ದೇವರು ನನ್ನ ಮಗನ ಮೊಣಕಾಲ ನೋವು ಕಳದಾನ."

ಅವ್ವನ ಕಣ್ಣಲ್ಲಿ ನೀರಿತ್ತು. ನೋವು ಹೋಗಿಲ್ಲ ಎಂದರೆ ದೇವರು ಸುಳ್ಳಾಗುತ್ತಾನೆ. ಮೊದಲಿನಿಂದ ಇರಲೇ ಇಲ್ಲ ಎಂದರೆ ನಾನು ಸುಳ್ಳಾಗುತ್ತೇನೆ. ನಾನು ಕೆಳಗಿನಿಂದ ಹೆಂಡತಿಯ ಮುಖ ನೋಡಿದೆ. ಆಕೆ ಸಿಕ್ಕಿಸಿದ ಸೆರಗನ್ನು ನಿಧಾನವಾಗಿ ಬಿಚ್ಚಿಕೊಂಡು, ಭಕ್ತಿಯಿಂದ ತಲೆಯ ಮೇಲೆ ಹೊದ್ದುಕೊಂಡಳು.

"ಖರೇ ಅದ ಅತ್ತಿ," ಎಂದಳು. "ದೇವರು ಕೊಟ್ಟ ಕಾಲು ಸುಮ್ನ ಇಡಬಾರದು. ಇನ್ನ ಮ್ಯಾಲ ವಾರಾ ವಾರಾ ಅವರೇ ಇಳೀಲಿ."