ಬೆಳ್ಳಿಬೆನ್ನಿನ ಮುತ್ವಾರೆಯವರಿಗೆ, ನನ್ನ ಮಗಳ ನೆಗಡಿಯ ವಿಚಾರವಾಗಿ

ಮಾನ್ಯರೇ,

ಬಿಸೊಕೆ ಬೆಟ್ಟದ ಬಿದಿರುಮೆಳೆಗಳ ಒಡೆಯರೂ, ಐವರು ಪತ್ನಿಯರ ಪತಿಯೂ, ದೇಶದೇಶದ ಜನ ಕೆಸರಿನಲ್ಲಿ ಬಿದ್ದೆದ್ದು ಬಂದು ದರ್ಶನ ಪಡೆಯುವ ಗೊರಿಲ್ಲಾ ಮಹನೀಯರೂ ಆದ ತಮ್ಮ ಪಾದಗಳಿಗೆ, ಆ ಪಾದಗಳಂತೆಯೇ ಇರುವ ಕೈಗಳಿಗೆ, ಕೆಳಗಿನ ಕಿನಿಗಿ ಊರಿನ ಬಾಣಂತಿಯೊಬ್ಬಳ ನಮಸ್ಕಾರಗಳು. ತಾವೂ ತಮ್ಮ ಹೊಸ ಕೂಸೂ ಸುಖವಾಗಿ ನಿದ್ರಿಸುತ್ತಿದ್ದೀರೆಂದು ಬಲ್ಲೆ. ತಮ್ಮ ಜಾಡು ಹಿಡಿದು ಹೋಗಿ ತಮ್ಮ ಸಂಸಾರವನ್ನು ಕಾಯುವ ಕಲಿಸಾ ಎಂಬುವರು ದಿನವೂ ಫೋನಿನಲ್ಲಿ ತಮ್ಮ ನಿದ್ರೆಯ ವರದಿ ಕೊಡುತ್ತಾರೆ. ಅವರು ನನ್ನ ಗಂಡ. ನನ್ನ ನಿದ್ರೆಯ ವರದಿಯನ್ನು ಅವರು ತಮಗೆ ಒಪ್ಪಿಸುತ್ತಿರುವಂತೆ ಕಾಣದ್ದರಿಂದ ಈ ಪತ್ರ ಬರೆಯಬೇಕಾಯಿತು.

ವಿಷಯ ಚಿಕ್ಕದು. ಹುಟ್ಟಿದ ವಾರದೊಳಗೆ ನನ್ನ ಮಗಳಿಗೆ ನೆಗಡಿಯಾಯಿತು. ಬರೀ ನೆಗಡಿ ಎಂದು ನರ್ಸಮ್ಮ ಹೇಳಿದರೂ, ಕಾಲೇಜಿನಲ್ಲಿ ಜೀವಶಾಸ್ತ್ರ ಓದಿದ ತಪ್ಪಿಗೆ ನಾನು ಗಳಿಗೆಗೊಮ್ಮೆ ಅವಳ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಾ ಕೂತಿದ್ದೆ. ಮನುಷ್ಯರ ನೆಗಡಿ ತಮ್ಮ ವಂಶಕ್ಕೆ ಪ್ರಾಣಕಂಟಕವಾದ್ದರಿಂದ ಅದೇ ದಿನ ನನ್ನ ಗಂಡ ಹೊದಿಕೆ ಹೊತ್ತುಕೊಂಡು ಕಾಡಂಚಿನ ಕಾವಲುಗಾರರ ಮನೆಗೆ ಹೊರಟರು. ಮರವನ್ನು ಬೇರುಸಹಿತ ಕೀಳಬಲ್ಲ ತಮ್ಮಂಥವರನ್ನು, ಕುತ್ತಿಗೆ ನಿಲ್ಲದ ನನ್ನ ಮಗಳ ಸೀನಿನಿಂದ ಕಾಪಾಡುವ ಘನಕಾರ್ಯಕ್ಕೆ ಅಡ್ಡ ಬರಲು ನಾನು ಯಾರು? ಅತ್ತೆ ಮಾತ್ರ ಹಿಂದಿನಿಂದ ಕೇಳಿದರು, "ನೋಡ್ಕೊಳ್ಳೋಕೆ ಆ ಗೊರಿಲ್ಲಾಗೆ ಹೆಂಡ್ರಿಲ್ವೇನೋ?" ಐದು ಜನ ಇದ್ದಾರೆಂದು ಇವರು ಮರ್ಯಾದೆಯಿಂದಲೇ ಉತ್ತರ ಕೊಟ್ಟರು.

ಹೋಗಲಿ ಎನ್ನೋಣವೆಂದರೆ ನಾಮಕರಣ ನಿಂತುಹೋಯಿತು. ಆ ಶಾಸ್ತ್ರವನ್ನು ಸರ್ಕಾರದವರು ನಮ್ಮಿಂದಲೇ ಎರವಲು ತಂದು ಗೊರಿಲ್ಲಾ ವಂಶದ ಮಕ್ಕಳಿಗೂ ಮಾಡುತ್ತಾರಾದ್ದರಿಂದ ತಮಗೂ ಗೊತ್ತಿದ್ದೀತು: ಕೇರಿಯ ಮಕ್ಕಳು ಬಂದು ಅಂಗಳವನ್ನು ನಾಲ್ಕು ಗುದ್ದಲಿ ಅಗೆದು, ಹುರುಳಿಯೂಟ ಉಂಡು, ಮೊಸರು ಕುಡಿದು, ಒಬ್ಬೊಬ್ಬರೂ ಒಂದೊಂದು ಹೆಸರು ಸೂಚಿಸಬೇಕು, ಕೊನೆಯ ಮಾತು ಅಪ್ಪನದು. ಹೋದ ವರ್ಷ ತಮ್ಮ ದೊಡ್ಡ ಮಗನಿಗೆ ಡೋಲು ಬಡಿಸಿ, ಮಂತ್ರಿಗಳನ್ನು ನಿಲ್ಲಿಸಿ, ಮನೆಯೆತ್ತರದ ಬಿದಿರು ಗೊರಿಲ್ಲಾ ಕಟ್ಟಿ ಹೆಸರಿಟ್ಟರು. ಹೋದ ನೆಗಡಿ ಮತ್ತೆ ಮತ್ತೆ ಮರಳಿ, ನನ್ನ ಮಗಳು ತಿಂಗಳು ತುಂಬಿದರೂ 'ಏ ಪಾಪು'. ಹೆತ್ತವಳನ್ನು ಮಗುವಿನ ಹೆಸರು ಹಿಡಿದೇ ಕರೆಯುವ ನಮ್ಮೂರಿನಲ್ಲಿ, ಮಗುವಿಗೆ ಹೆಸರಿಲ್ಲದ ಮೇಲೆ ನನ್ನನ್ನು ಇಂಥವಳ ತಾಯಿ ಎಂದು ಕರೆಯುವುದಾದರೂ ಹೇಗೆ? ನೀರಿನ ನಲ್ಲಿಯ ಹತ್ತಿರ ಹೆಂಗಸರು ನನ್ನನ್ನು ಕಂಡು ಬಾಯಿ ತೆರೆದು, ಏನೆನ್ನಬೇಕೋ ತೋಚದೆ ಮುಚ್ಚಿಕೊಳ್ಳುತ್ತಿದ್ದರು. ನಾನು ಬೆನ್ನು ತಿರುಗಿಸಿದ ಮೇಲೆ ಗಂಡ ಬಿಟ್ಟಿರಬೇಕೆಂದು ಮಾತಾಡಲು ಮಾತ್ರ ಅವರಿಗೆ ಯಾವ ಹೆಸರೂ ಬೇಕಾಗಲಿಲ್ಲ.

ಇಷ್ಟರಲ್ಲಿ ನಮ್ಮ ಹಿಂದಿನ ಕೋಣೆಗೆ ಹನೆಕೆ ಎಂಬ ಡಚ್ ಅಜ್ಜಿ ಬಾಡಿಗೆಗೆ ಬಂದರು. ತಮ್ಮನ್ನೊಮ್ಮೆ ಕಣ್ಣಾರೆ ಕಾಣಬೇಕೆಂಬುದು ಗಂಡ ಬದುಕಿದ್ದಾಗಿನಿಂದ ಅವರಿಗಿದ್ದ ಆಸೆಯಂತೆ. ನೆಗಡಿಯ ಮಗು, ಮುಟ್ಟಬೇಡಿ ಎಂದು ನಾನು ಎಷ್ಟು ಬೇಡಿಕೊಂಡರೂ ಕೇಳದೆ, ನನ್ನ ಕಣ್ಣುಗಳ ಸ್ಥಿತಿ ನೋಡಿ, "ಕೊಡಮ್ಮ, ನೀನು ಸ್ವಲ್ಪ ಒರಗು" ಎಂದು ಎತ್ತಿಕೊಂಡರು. ಮಗಳು ನೇರ ಅವರ ಮುಖಕ್ಕೇ ಸೀನಿದಳು. ಬೆಟ್ಟ ಹತ್ತಬೇಕಾದ ದಿನ ಅಜ್ಜಿಯ ಮೂಗು ಸೋರುತ್ತಿತ್ತು. ಒಂದು ಮಾತ್ರೆ ನುಂಗಿದರೆ ಸಾಕು, ಮುಖಗವಸಿನೊಳಗೆ ಯಾರಿಗೂ ಗೊತ್ತಾಗದೆಂದು ಜೀಪಿನವನು ಉಪಾಯ ಹೇಳಿಕೊಟ್ಟನಂತೆ.

"ಮೇಲಿರೋ ಆ ಗೊರಿಲ್ಲಾ ಕೂಸಿಗೆ ಗೊತ್ತಾಗುತ್ತಲ್ಲಪ್ಪಾ" ಎಂದು ಅಜ್ಜಿ, ಎಲ್ಲರೂ ಸೇರಿದ್ದ ಕಡೆ ತಾವಾಗಿ ಕೈಯೆತ್ತಿ, ನನಗೆ ನೆಗಡಿ ಎಂದು ಹೇಳಿ ಹಿಂತಿರುಗಿ ಬಂದರು.

ಮಾನ್ಯರೇ, ತಮ್ಮನ್ನು ನೋಡಿದವರು ಸಾವಿರಾರು. ತಮ್ಮ ಸಲುವಾಗಿ ತಮ್ಮನ್ನು ನೋಡದೆ ಹೋದವರ ಹೆಸರನ್ನೂ ತಾವು ಒಮ್ಮೆ ಕೇಳಿಸಿಕೊಳ್ಳಬೇಕು. ನಾನು ಕ್ಷಮೆ ಕೇಳಹೋದರೆ, ಬಂದ ನೆಗಡಿ ಬಂದಾಯಿತು, ಇನ್ನು ಕೆಡುವುದೇನಿದೆ ಎಂದು ಅವರು ಮಗುವನ್ನು ಮತ್ತೆ ಎತ್ತಿಕೊಂಡರು.

ಇದನ್ನು ಕಂಡ ಅತ್ತೆ, ಮೂಗು ಸೋರಿದರೆ ಸೋರಲಿ, ನಾಳೆಯೇ ಹೆಸರಿಡುವುದೆಂದು ಸಾರಿದರು. ಮಕ್ಕಳು ಬಂದು ಅಗೆದರು, ಅಜ್ಜಿಯೂ ಮೂಗೊರೆಸಿಕೊಂಡು ಅಗೆದರು. ನನ್ನ ಗಂಡ ಬಂದರು, ಆದರೆ ಬೇಲಿಯಾಚೆ, ಮುಖಗವಸು ಹಾಕಿಕೊಂಡು, ಪ್ರವಾಸಿಗರು ತಮ್ಮಿಂದ ನಿಲ್ಲಬೇಕಾದ ಅದೇ ಹತ್ತು ಮೀಟರ್ ದೂರದಲ್ಲಿ, ಸ್ವಂತ ಮಗಳನ್ನು ನೋಡುತ್ತಾ ನಿಂತರು. ಮಗಳು ಕಿರುಚತೊಡಗಿದಳು. ಏರು ಹತ್ತುವ ಮೋಟಾರ್ ಸೈಕಲ್ಲಿನ ಸದ್ದೆಂದು ಒಬ್ಬ ಹುಡುಗ 'ಮೋಟೊ' ಎಂದೇ ಹೆಸರು ಸೂಚಿಸಿದ.

ಆಗ ಬೇಲಿಯಾಚೆಯಿಂದ ಇವರು ಗಂಟಲಾಳದಿಂದ ಎರಡು ಸಲ ಗುರುಗುಟ್ಟಿದರು. ತಮ್ಮೆದುರು ಬರುವಾಗ, ನಾವೇ, ಹೆದರಬೇಡಿ ಎಂದು ತಿಳಿಸುವ ಸದ್ದು, ತಮ್ಮಿಂದಲೇ ಕಲಿತದ್ದು. ಮಗಳು ಬಾಯಿ ಮುಚ್ಚಿದಳು. ಮತ್ತೆ ಗುರುಗುಟ್ಟಿದರು. ಕಣ್ಣೂ ಮುಚ್ಚಿದಳು.

"ಇತುಜೆ" ಎಂದರು ಇವರು. ನಮ್ಮ ಮಾತಿನಲ್ಲಿ ನೆಮ್ಮದಿ.

ಪಕ್ಕದ ಮನೆಯಾಕೆ, "ಬೇಲಿ ಆಚೆ ನಿಂತು ಹೆಸರಿಡೋ ಅಪ್ಪನ್ನ ನಾನೆಲ್ಲೂ ಕಂಡಿಲ್ಲ ಕಣಮ್ಮ" ಎಂದದ್ದಷ್ಟೇ ನನಗೆ ನೆನಪು. ಊಟ, ಹಾಡು, ಹರಕೆ ಯಾವುದೂ ಗೊತ್ತಿಲ್ಲ. ಮಗಳ ನಾಮಕರಣದಲ್ಲಿ ತಾಯಿ ಗೋಡೆಗೊರಗಿ ಗೊರಕೆ ಹೊಡೆದಳೆಂದು ನಲ್ಲಿಯ ಹತ್ತಿರ ಈಗ ಹೊಸ ಸುದ್ದಿ.

ಆದಕಾರಣ ತಮ್ಮಲ್ಲಿ ನನ್ನ ಬೇಡಿಕೆ ಇಷ್ಟೆ. ದಿನವೂ ಸಂಜೆ ಎಲೆಗಳ ಹೊಸ ಹಾಸಿಗೆ ಮಾಡಿಕೊಂಡು ಮಲಗುವ ವಿದ್ಯೆಯನ್ನು ನನಗೂ ಕಲಿಸಿ. ಆ ಗುರುಗುಟ್ಟುವ ಸದ್ದನ್ನು ಬಿಡುವಾದಾಗ ಬಂದು ನನ್ನ ಗಂಟಲಿಗೂ ಹೇಳಿಕೊಡಿ, ನಾನು ಮಾಡಿದರೆ ನನ್ನ ಮಗಳು ನಗುತ್ತಾಳೆ. ಹನೆಕೆ ಅಜ್ಜಿ ಗುಣವಾಗಿ ಮೇಲೆ ಬಂದ ದಿನ ದಯವಿಟ್ಟು ಬೆನ್ನು ತೋರಿಸಿ ಕೂರಬೇಡಿ.

ಈಗಷ್ಟೇ ಸಹಿ ಹಾಕಲು ಒಂದು ಹೆಸರು ಸಿಕ್ಕಿರುವ,
ತಮ್ಮ ವಿಶ್ವಾಸಿ,
ಇತುಜೆಯ ತಾಯಿ

ಮರೆತ ಮಾತು: ನಿನ್ನೆ ತಮ್ಮ ಕೂಸು ಎರಡು ಸಲ ಸೀನಿತೆಂದು ನನ್ನ ಗಂಡ ಗಾಬರಿಯಿಂದ ಫೋನ್ ಮಾಡಿದ್ದರು. ನನ್ನ ಮಗಳ ಮೂಗು ಒಣಗಿದೆ. ಆದ್ದರಿಂದ ತಮ್ಮ ಮನೆಯ ನೆಗಡಿ ಹೋಗುವವರೆಗೆ ತಾವೇ ನನ್ನ ಗಂಡನಿಂದ ಹತ್ತು ಮೀಟರ್ ದೂರವಿರತಕ್ಕದ್ದು.