ಸೈಬರ್‌ಜಯಾದ ಬಿಸಿಲಿಗೊಂದು ಹಿಮದ ಟೈರು

ಕಾರಿನ ಚಕ್ರ ಆರಿಸುವ ವಿದ್ಯೆಯಲ್ಲಿ ಮಲೇಷ್ಯಾದ ಸಮಸ್ತ ಕನ್ನಡಿಗರ ಪೈಕಿ ನಾನೇ ಅಗ್ರಗಣ್ಯನಾಗಬೇಕೆಂದು ಲಾಕ್‌ಡೌನಿನ ಒಂದು ಮಧ್ಯಾಹ್ನ ಘನಘೋರ ಪ್ರತಿಜ್ಞೆ ಮಾಡಿದೆ! ಸಾಕ್ಷಿಗೆ ಹೆಂಡತಿ ಜಲಜಾಕ್ಷಿ ಇದ್ದಳು. ಬೆಂಡೆಕಾಯಿ ಹೆಚ್ಚುತ್ತಿದ್ದವಳು ತಲೆಯನ್ನೂ ಎತ್ತದೆ, "ಮೊದ್ಲು ಆ ಗ್ಯಾಸ್ ಸಣ್ಣಗೆ ಮಾಡಿ" ಎಂದಳು.

ಸೈಬರ್‌ಜಯಾದಲ್ಲಿ ಕಾಂಡೊ ಎಂಬ ಬಹುಮಹಡಿ ಕಟ್ಟಡವೊಂದರಲ್ಲಿ ನಮ್ಮ ಮನೆ. ಅದರ ನೆಲಮಾಳಿಗೆಯಲ್ಲಿ ನನ್ನ ಕಾರು. ಕೆಂಪು ಬಣ್ಣ, ಎರಡೇ ಬಾಗಿಲು, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಓಡುವ ಸ್ಪೋರ್ಟಿ ಕಾರು! ಜಲಜಾಕ್ಷಿ ಸುಬಾಂಗ್ ಜಯಾದ ಕಾಲೇಜಿಗೆ ವರ್ಷಗಟ್ಟಲೆ ತಾನೇ ಕಾರು ಓಡಿಸಿಕೊಂಡು ಹೋಗಿ ಪಾಠ ಮಾಡಿ ಬಂದವಳು. ಪಾಠಗಳು ಆನ್‌ಲೈನ್ ಆದಮೇಲೆ ಅವಳ ಆ ಹಳೆಯ ಕಾರನ್ನು ಮಾರಿಬಿಟ್ಟೆವು. ಆದರೂ ನನ್ನ ಕಾರಿನ ಸ್ಟೀರಿಂಗನ್ನು ಅವಳು ಮುಟ್ಟಲು ನಾನು ಬಿಟ್ಟಿರಲಿಲ್ಲ. "ಇದು ಕುದುರೆ ಕಣೇ. ಇದಕ್ಕೆ ಸವಾರ ಬೇಕು, ಡ್ರೈವರ್ ಅಲ್ಲ" ಎನ್ನುತ್ತಿದ್ದೆ.

ಸರಿ, ಶೋಧನೆ ಶುರುವಾಯಿತು. ಲ್ಯಾಪ್‌ಟಾಪಿನ ಒಂದು ಕಿಟಕಿಯಲ್ಲಿ ಆಫೀಸಿನ ಮೀಟಿಂಗು, ಇನ್ನೊಂದರಲ್ಲಿ ಚಕ್ರಗಳ ವೀಡಿಯೊ. ಐದು ಕಡ್ಡಿಯದೋ, ಹತ್ತು ಕಡ್ಡಿಯದೋ? ಕಪ್ಪೋ, ಬೆಳ್ಳಿಯೋ? ಮ್ಯಾನೇಜರು "ನಿಮ್ಮ ಅಭಿಪ್ರಾಯ?" ಎಂದು ಕೇಳಿದಾಗ "ಬೆಳ್ಳಿಯೇ ಲಕ್ಷಣ" ಎಂದುಬಿಟ್ಟಿದ್ದೆ!

ಜಲಜಾಕ್ಷಿಗೆ ರೇಗಿತು. "ನನ್ನನ್ನ ನೋಡೋಕೆ ಬಂದಾಗ ತಟ್ಟೇಲಿದ್ದ ಉಪ್ಪಿಟ್ಟು ಮುಗಿಯೋದ್ರೊಳಗೆ ಒಪ್ಕೊಂಡ್ರಿ. ಈ ಚಕ್ರ ನೋಡೋಕೆ ತಿಂಗಳುಗಟ್ಲೆ ಬೇಕಾ?"

"ಆಗ ನಂಗೆ ಅನುಭವ ಇರ್ಲಿಲ್ಲ" ಎಂದೆ.

ಅಂದು ರಾತ್ರಿ ಸಾರಿಗೆ ಉಪ್ಪು ಬಿದ್ದಿರಲಿಲ್ಲ. ನಾನೇ ಎದ್ದು ಹಾಕಿಕೊಂಡೆ.

ಕೊನೆಗೆ ಟೈರ್ ಅಂಗಡಿಯ ತಾನ್ ಎಂಬವನು ವಾಟ್ಸಾಪಿನಲ್ಲಿ ಒಂದು ಫೋಟೊ ಕಳಿಸಿದ. ಜಪಾನಿನಿಂದ ಬಂದ ಸೆಕೆಂಡ್‌ಹ್ಯಾಂಡ್ ಚಕ್ರಗಳು, ಟೈರು ಸಮೇತ. ಬೆಳ್ಳಿಯ ಹೊಳಪು! ಟೈರಿನ ಮೈಮೇಲೆ ಬೆಟ್ಟದ ಮೂರು ಶಿಖರ, ಅದರೊಳಗೊಂದು ಹಿಮದ ಹರಳಿನ ಗುರುತು. ನೋಡಿದ ಕ್ಷಣವೇ ಮನಸ್ಸು ಜಾರಿತು. ಪಾಪ, ತಾನ್ ಪ್ರಾಮಾಣಿಕ. ಫೋನ್ ಮಾಡಿಯೇ ಹೇಳಿದ.

"ಬಾಸ್, ದಿಸ್ ಒನ್ ವಿಂಟರ್ ಟೈರ್ ಲಾ. ಮಲೇಷ್ಯಾ ನೋ ಸ್ನೋ."

"ಹಿಮದಲ್ಲೇ ಜಾರದ ಟೈರು ಮಳೆಯಲ್ಲಿ ಜಾರುತ್ತೇನಯ್ಯಾ?" ಎಂಬ ಘನವಾದ ತರ್ಕವನ್ನು ಇಂಗ್ಲಿಷಿನಲ್ಲಿ ಮಂಡಿಸಿದೆ.

"ಸೈಜ್ ಆಲ್ಸೋ ಬಿಗ್, ಬಾಸ್. ಯುವರ್ ಕಾರ್ ವೆರಿ ಲೋ."

"ಬಿಗ್ ಈಸ್ ಗುಡ್!"

"ಅಪ್ ಟು ಯೂ ಲಾ, ಬಾಸ್."

ಈ ದೇಶದಲ್ಲಿ ಯಾರಾದರೂ "ಅಪ್ ಟು ಯೂ ಲಾ" ಎಂದರೆ "ನಿನ್ನ ಹಣೆಬರಹ" ಎಂದರ್ಥ. ಇಷ್ಟು ವರ್ಷ ಇಲ್ಲಿದ್ದೂ ನನಗೆ ಅದು ಹೊಳೆಯಲಿಲ್ಲ.

"ಚಳಿಗಾಲದ ಟೈರಾ!" ಜಲಜಾಕ್ಷಿ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. "ಎ.ಸಿ. ಆರಿಸಿದ್ರೆ ದೇವರ ಫೋಟೊಗಳೂ ಬೆವರೋ ಊರು ಇದು. ಅದಕ್ಕೊಂದು ಸ್ವೆಟರ್ರೂ ಹೆಣೆದುಕೊಡ್ಲಾ?"

ಲಾಕ್‌ಡೌನ್ ಕೊಂಚ ಸಡಿಲವಾದಾಗ ಹಳೆಯ ಚಕ್ರಗಳನ್ನು ತಾನ್‌ಗೆ ಕೊಟ್ಟು ಹೊಸವನ್ನು ಹಾಕಿಸಿಕೊಂಡು ಬಂದೆ. ಕಾಂಡೊದ ಸುತ್ತ ಒಬ್ಬನೇ ಒಂದು ಸುತ್ತು ಹೊಡೆದೆ. ಒಂದು ಸದ್ದಿಲ್ಲ, ಗದ್ದಲವಿಲ್ಲ! ಅಷ್ಟರಲ್ಲಿ ಊರಿಗೆ ಮತ್ತೆ ಬೀಗ ಬಿತ್ತು. ಕಾರು ಹೊದಿಕೆ ಹೊದ್ದು ಮಲಗಿತು, ನಾನು ಊಟದ ಮೇಜಿನ ಮುಂದೆ ಪ್ರತಿಷ್ಠಾಪನೆಯಾದೆ. ಬೇಜಾರಾದರೆ ಹೋಳಿಗೆ, ಟೆನ್ಷನ್ ಆದರೆ ಬೋಂಡ, ಎರಡೂ ಆಗದಿದ್ದರೆ ಮಾಮಕ್ ಹೋಟೆಲಿನಿಂದ ತಪಾವ್, ಅಂದರೆ ಪಾರ್ಸೆಲ್, ಮಾಡಿಸಿಕೊಂಡು ತಂದ ಪರೋಟದಂಥ ರೋಟಿ ಚನಾಯ್. ಭಾನುವಾರಕ್ಕೊಮ್ಮೆ ನೆಲಮಾಳಿಗೆಗೆ ಇಳಿದು, ನಿಂತಲ್ಲೇ ಎಂಜಿನ್ ಚಾಲೂ ಮಾಡಿ, ಚಕ್ರಗಳನ್ನು ಒರೆಸಿ ಬರುತ್ತಿದ್ದೆ.

ಅಕ್ಟೋಬರಿನಲ್ಲಿ ಸರ್ಕಾರ ಕಣ್ಣು ಬಿಟ್ಟಿತು. ಎರಡೂ ಲಸಿಕೆ ಹಾಕಿಸಿಕೊಂಡವರು ರಾಜ್ಯದ ಗಡಿ ದಾಟಬಹುದು! ನಮ್ಮ ಮನೆಯಲ್ಲಿ ಆ ಸುದ್ದಿಗೆ ಕಣ್ಣೀರೇ ಬಂತು. ಜಲಜಾಕ್ಷಿಯ ತಮ್ಮ ನಿತ್ಯಾನಂದ ಇರುವುದು ಗಡಿಯಾಚೆ, ಇಪೋದಲ್ಲಿ. ಅವನಿಗೆ ಲಾಕ್‌ಡೌನಿನಲ್ಲೇ ಮಗ ಹುಟ್ಟಿದ್ದ. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಮತ್ತು ಆ ಮಗುವಿಗೆ ಇರುವವಳು ಇವಳೊಬ್ಬಳೇ ಸೋದರತ್ತೆ. "ಅಕ್ಕ ಬರೋವರೆಗೂ ತೊಟ್ಟಿಲು ಶಾಸ್ತ್ರ ಇಲ್ಲ" ಎಂದು ನಿತ್ಯಾನಂದ ಹಟ ಹಿಡಿದಿದ್ದ. ಸರ್ಕಾರಿ ಕಾಗದದಲ್ಲಿ ಮಗುವಿಗೆ ಹೆಸರು ಬಿದ್ದಿತ್ತು, ಕಿವಿಯಲ್ಲಿ ಬಿದ್ದಿರಲಿಲ್ಲ. ಗಡಿ ತೆರೆದ ವಾರವೇ ವಿಜಯದಶಮಿ, ಅಂದೇ ಮುಹೂರ್ತ.

ರೈಲಿನ ಟಿಕೆಟ್‌ಗಳು ಸುದ್ದಿ ಬಂದ ದಿನವೇ ಖಾಲಿ. "ನಮ್ಮ ಕುದುರೆ ಇರುವಾಗ ರೈಲು ಯಾಕೆ?" ಎಂದು ಮೀಸೆ ತಿರುವಿದೆ.

ಹಿಂದಿನ ದಿನ ಆಯುಧಪೂಜೆ. ಬಾನೆಟ್ಟಿಗೆ ಹೂವಿನ ಹಾರ, ಚಕ್ರಗಳಿಗೆ ಅರಿಶಿನ ಕುಂಕುಮ, ನಾಲ್ಕರ ಕೆಳಗೂ ನಿಂಬೆಹಣ್ಣು. ಮಗಳು ಧೃತಿ ಮೊಬೈಲಿನಲ್ಲಿ ಚಿತ್ರೀಕರಿಸುತ್ತಿರಲು, ಗಂಭೀರವಾಗಿ ಕೂತು ಸ್ಟೀರಿಂಗ್ ತಿರುಗಿಸಿ ಮುಂದಕ್ಕೆ ಬಿಟ್ಟೆ. "ಕರ್ರ್..." ಎಂದಿತು.

"ರೀ, ಅದೇನದು ಶಬ್ದ?"

"ನಿಂಬೆಹಣ್ಣು ಕಣೇ. ಚೆನ್ನಾಗಿ ಅಪ್ಪಚ್ಚಿ ಆಯ್ತು ನೋಡು. ದೃಷ್ಟಿಯೆಲ್ಲ ಹೋಯ್ತು!"

ನಿಂಬೆಹಣ್ಣು ಪಿಚಕ್ ಎನ್ನುತ್ತದೆಯೇ ಹೊರತು ಕರ್ರ್ ಎನ್ನುವುದಿಲ್ಲ ಎಂಬ ಸಾಮಾನ್ಯ ಜ್ಞಾನ ನಾಲ್ವರಲ್ಲಿ ಮೂವರಿಗೆ ಇರುತ್ತದೆ. ನಾನು ಆ ನಾಲ್ಕನೆಯವನು.

ವಿಜಯದಶಮಿಯ ಬೆಳಕು ಹರಿಯುವಾಗ ಹೊರಟೆವು. ಜಲಜಾಕ್ಷಿ ರೇಷ್ಮೆ ಸೀರೆ ಉಟ್ಟು ಪಕ್ಕದಲ್ಲಿ, ಮಡಿಲಲ್ಲಿ ಮಗುವಿನ ಬೆಳ್ಳಿ ಬಟ್ಟಲು. ಹಿಂದಿನ ಸೀಟಿನಲ್ಲಿ ಧೃತಿ, ಅವಳ ಸುತ್ತ ಚಕ್ಕುಲಿ ಡಬ್ಬಗಳು. ನೆಲಮಾಳಿಗೆಯ ಮೊದಲ ತಿರುವಿನಲ್ಲೇ "ಕರ್ರ್ರ್!" ಎರಡನೆಯ ತಿರುವಿನಲ್ಲಿ ಇನ್ನೂ ಜೋರು! ಜೊತೆಗೆ ರಬ್ಬರು ಸುಟ್ಟ ವಾಸನೆ.

ಇಳಿದು ನೋಡಿದೆ. ಎತ್ತರದ ಟೈರು ಮೇಲಿನ ತಗಡಿಗೆ ಉಜ್ಜುತ್ತಿತ್ತು. ಹೀಗೆಯೇ ಹೈವೇಗೆ ಇಳಿದರೆ ನಡುದಾರಿಯಲ್ಲಿ ಟೈರು ಸಿಡಿಯುವುದು ಖಂಡಿತ. ತಾನ್‌ನ ಅಂಗಡಿ ತೆರೆಯುವಷ್ಟರಲ್ಲಿ ಇಪೋದಲ್ಲಿ ಮುಹೂರ್ತ ಮುಗಿದಿರುತ್ತದೆ.

ಜಲಜಾಕ್ಷಿ ಬೆಳ್ಳಿ ಬಟ್ಟಲನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಕಣ್ಣು ತುಂಬಿತ್ತು. ನನಗೆ ನಿಜವಾಗಿಯೂ ಸಂಕಟವಾಯಿತು. ಆದರೆ ಗಂಡಸಿನ ನಾಲಗೆ ನೋಡಿ, ಸಂಕಟದಲ್ಲೂ ತಪ್ಪನ್ನು ಬೇರೆಯವರ ತಲೆಗೆ ಕಟ್ಟಲು ನೋಡುತ್ತದೆ!

"ಅವತ್ತು ನಾನೊಬ್ನೇ ಓಡಿಸಿದಾಗ ಶಬ್ದ ಇರ್ಲಿಲ್ಲಪ್ಪ. ಈಗ ನೀನು ಕೂತ್ಕೊಂಡ್ಮೇಲೆ..."

ವಾಕ್ಯ ಪೂರ್ತಿಯಾಗಲಿಲ್ಲ. ಅವಳ ಕಣ್ಣೀರು ಅಲ್ಲೇ ಇಂಗಿಹೋಯಿತು.

"ರೀ, ನಾನು ಕೂತಿರೋದು ಎಡಗಡೆ. ಶಬ್ದ ಬರ್ತಿರೋದು ಬಲಗಡೆ!"

"ಅಪ್ಪಾ, ಕ್ಯಾನ್ ವೀ ಟೆಸ್ಟ್?" ಎಂದಳು ಹಿಂದಿನಿಂದ ಧೃತಿ.

ಪರೀಕ್ಷೆ ನಡೆಯಿತು. ಮೊದಲು ಅವರಿಬ್ಬರೂ ಇಳಿದರು. ನಾನೊಬ್ಬನೇ ಓಡಿಸಿದೆ. "ಕರ್ರ್ರ್!" ಆಮೇಲೆ ನನ್ನನ್ನು ಇಳಿಸಿ ಜಲಜಾಕ್ಷಿ ಸವಾರನ ಆಸನವೇರಿದಳು. ಮಗಳು, ಚಕ್ಕುಲಿ, ಸೂಟ್‌ಕೇಸು ಸಮೇತ ನೆಲಮಾಳಿಗೆಯನ್ನು ಪೂರ್ತಿ ಸುತ್ತಿ ಬಂದಳು. ಕಂಬಕಂಬಕ್ಕೂ ತಿರುಗಿಸಿದಳು. ಕಾರು ಕಮಕ್ ಕಿಮಕ್ ಎನ್ನಲಿಲ್ಲ. ಕುದುರೆ ಸವಾರನನ್ನು ಗುರುತಿಸಿತ್ತು!

ಅವಳ ಪಕ್ಕ ಎಡಗಡೆ ಕೂತು ನೋಡಿದೆ, ಕರ್ರ್ ಕೂಡ ಎಡಗಡೆಗೇ ಬಂತು. "ನಾನು ಹಿಂದೆ ಕೂತ್ಕೋತೀನಿ" ಎಂದು ಅಂಗಲಾಚಿದೆ. ಎರಡು ಬಾಗಿಲಿನ ಕಾರಿನ ಹಿಂದಿನ ಸೀಟಿಗೆ ಸೊಂಟದವರೆಗೆ ನುಗ್ಗಿದೆ. ಅಲ್ಲಿಂದ ಮುಂದೆ ಹೋಗಲೂ ಆಗಲಿಲ್ಲ, ಹಿಂದೆ ಬರಲೂ ಆಗಲಿಲ್ಲ. ಸೆಕ್ಯುರಿಟಿಯವರಿಬ್ಬರು ಓಡಿಬಂದು, ಮಾಸ್ಕ್ ಸರಿಮಾಡಿಕೊಂಡು, ಸಾಮಾಜಿಕ ಅಂತರವನ್ನೆಲ್ಲ ಮರೆತು ನನ್ನ ಕಾಲು ಹಿಡಿದು ಎಳೆದರು. ಹೊರಬಂದು ಉಸಿರು ಬಿಡುವಷ್ಟರಲ್ಲಿ ಧೃತಿ ಡಿಕ್ಕಿ ತೆರೆದು ನನ್ನ ಚೀಲವನ್ನು ಪಾದದ ಬಳಿ ಇಟ್ಟಿದ್ದಳು.

"ಸಾರು ಫ್ರಿಜ್ಜಲ್ಲಿದೆ. ಅನ್ನ ಸ್ವಲ್ಪ ಇಟ್ಕೊಳ್ಳಿ, ಸ್ವಲ್ಪ!" ಎಂದು ಜಲಜಾಕ್ಷಿ ಗೇರು ಹಾಕಿದಳು. ಚಳಿಗಾಲದ ಟೈರುಗಳು ಬಿಸಿಲಿಗೆ ಇಳಿದು ಮಾಯವಾದವು.

ಮುಹೂರ್ತಕ್ಕೆ ಸರಿಯಾಗಿ ವೀಡಿಯೊ ಕಾಲ್ ಬಂತು. ಫೋನನ್ನು ಉಪ್ಪಿನಕಾಯಿ ಭರಣಿಗೆ ಒರಗಿಸಿ ಕೂತೆ. ಜಲಜಾಕ್ಷಿ ತೊಟ್ಟಿಲಿಗೆ ಬಗ್ಗಿ ಮಗುವಿನ ಕಿವಿಯಲ್ಲಿ ಹೆಸರು ಉಸುರಿದಳು. ಮಗು ಬೊಚ್ಚುಬಾಯಿ ಬಿಟ್ಟು ನಕ್ಕಿತು. ಅವಳ ಮುಖದಲ್ಲಿ ಅಂಥ ಬೆಳಕನ್ನು ನಾನು ಎಷ್ಟೋ ತಿಂಗಳಿಂದ ಕಂಡಿರಲಿಲ್ಲ. ನಾನೂ ಸಂತೋಷದಿಂದ ಇಲ್ಲಿಂದಲೇ ಫೋನಿನ ಮೇಲೆ ಅಕ್ಷತೆ ಹಾಕಿದೆ.

ಅಷ್ಟರಲ್ಲಿ ನಿತ್ಯಾನಂದ ಫೋನನ್ನು ಕೈಗೆತ್ತಿಕೊಂಡ. ಅವನ ಹಿಂದೆ ಬೀಗರೆಲ್ಲ ಸಾಲಾಗಿ ಇಣುಕುತ್ತಿದ್ದರು.

"ಏನ್ ಭಾವ, ನೀವು ಬರ್ಲೇ ಇಲ್ಲ? ಹೊಸ ಟೈರು ಕೈಕೊಡ್ತಾ?"

ನಾನು ಬಾಯಿ ತೆರೆಯುವ ಮೊದಲೇ ತೊಟ್ಟಿಲ ಕಡೆಯಿಂದ ಸೋದರತ್ತೆಯ ದನಿ ಕೇಳಿಸಿತು.

"ಪಾಪ, ಆ ಟೈರಿಗೆ ಏನೂ ಅನ್ಬೇಡ ಕಣೋ. ಇವ್ರನ್ನ ಇಳಿಸಿದ್ಮೇಲೆ ಬೆಣ್ಣೆ ಥರ ಓಡ್ತು!"